ಅಟ್ಟದಿಂದ ಇಳಿದ ಎಂ.ಎ.

ನಮ್ಮ ಸೀಮೆಯಲ್ಲಿ ಮೇಲಿನ ಓದು ಅಟ್ಟದಿಂದ ಇಳಿದು ಬರುತ್ತಿತ್ತು. ತೆಂಗಿನಕಾಯನ್ನು ಸಿಪ್ಪೆ ಸಮೇತ ಅಟ್ಟಕ್ಕೆ ಹಾಕಿ ಹತ್ತು ಹನ್ನೊಂದು ತಿಂಗಳು ಕಾಯಬೇಕು. ಅಲ್ಲಾಡಿಸಿದರೆ ಒಳಗೆ ಗಿಟುಕು ಲೊಡಗುಟ್ಟಬೇಕು. ಆಮೇಲೆ ಸುಲಿದು, ಚಿಪ್ಪು ಒಡೆದು ತಿಪಟೂರಿನ ಮಂಡಿಗೆ ಹಾಕಿದರೆ ಮಗನ ಫೀಜು ಹುಟ್ಟುತ್ತಿತ್ತು. ಓದುವವರ ದಾರಿ ಮೈಸೂರು. ಚಿಕ್ಕನಾಯಕನಹಳ್ಳಿ ತಾಲ್ಲೂಕಿನ ತೀರ್ಥಪುರದ ತೀ.ನಂ. ಶ್ರೀಕಂಠಯ್ಯನವರು ಹಿಡಿದದ್ದೂ ಅದೇ ದಾರಿ. 1964ರಲ್ಲಿ ಬೆಂಗಳೂರು ವಿಶ್ವವಿದ್ಯಾಲಯ ಶುರುವಾಗುವವರೆಗೂ ನಮ್ಮವರಿಗೆ ಎಂ.ಎ. ಅಂದರೆ ಮೈಸೂರೇ.

ಎಪ್ಪತ್ತರ ದಶಕದಲ್ಲಿ ನಾನೂ ಹೋದೆ, ಮನಃಶಾಸ್ತ್ರಕ್ಕೆ. "ಹುಚ್ಚರ ಡಾಕ್ಟ್ರಾಗ್ತೀಯೇನ್ಲಾ?" ಅಂದರು ಅಪ್ಪ. ತಪ್ಪು ಅವರದಲ್ಲ. 1954ರಲ್ಲಿ ಬೆಂಗಳೂರಿಗೆ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಬಂದ ಮೇಲೆ ಈ ವಿದ್ಯೆ ಅಂದರೆ ಆಸ್ಪತ್ರೆ ಅಂತಲೇ ಜನರ ಲೆಕ್ಕ.

ಮೈಸೂರಿನ ವಿಭಾಗ 1924ರದು. ಲಂಡನ್ನಿನಲ್ಲಿ ಸ್ಪಿಯರ್‌ಮನ್ ಬಳಿ ಕಲಿತ ಎಂ.ವಿ. ಗೋಪಾಲಸ್ವಾಮಿ ಕಟ್ಟಿದ್ದು. ಅದಕ್ಕೂ ಮೊದಲು, 1916ರಲ್ಲಿ, ಕಲ್ಕತ್ತೆಯ ವಿಭಾಗವನ್ನು ಆರಂಭಿಸಿದ ಎನ್.ಎನ್. ಸೇನ್‌ಗುಪ್ತ ಹಾರ್ವರ್ಡಿನಲ್ಲಿ ಮುನ್‌ಸ್ಟರ್‌ಬರ್ಗ್ ಶಿಷ್ಯರು. ಕಾರ್ಖಾನೆಯ ದುಡಿಮೆಗೆ ಮನಃಶಾಸ್ತ್ರ ಹೊಂದಿಸಿ 1913ರಲ್ಲೇ ಪುಸ್ತಕ ಬರೆದವರು ಆ ಗುರು. ಇಷ್ಟಿದ್ದೂ ನಮ್ಮ ಕಡೆ ಕೈಗಾರಿಕಾ ಮನಃಶಾಸ್ತ್ರ ಬಹುಕಾಲ ಸಾಮಾನ್ಯ ಎಂ.ಎ.ಯೊಳಗಿನ ಒಂದೆರಡು ಪತ್ರಿಕೆಯಾಗಿಯೇ ಉಳಿಯಿತು.

ಕೆಲಸವೇನೋ ಕಾದಿತ್ತು. ಬೆಂಗಳೂರಿನಲ್ಲಿ ಎಚ್‌ಎಎಲ್, ಐಟಿಐ, ಎಚ್‌ಎಂಟಿ, ಬಿಇಎಲ್ ಒಂದರ ಹಿಂದೊಂದು ಎದ್ದವು. 500 ಮಂದಿಗಿಂತ ಕಡಿಮೆಯಿಲ್ಲದ ಕಾರ್ಖಾನೆಗೆ ಕಾರ್ಮಿಕ ಕಲ್ಯಾಣಾಧಿಕಾರಿ ಇರಲೇಬೇಕೆಂದು 1948ರ ಕಾರ್ಖಾನೆಗಳ ಕಾಯಿದೆ ಹೇಳಿತು. ಆದರೆ ಆ ಕುರ್ಚಿಗಳಲ್ಲಿ ಹೆಚ್ಚಾಗಿ ಕೂತವರು ಸಮಾಜಕಾರ್ಯ ಓದಿದವರು. 1973ರಲ್ಲಿ ಬೆಂಗಳೂರಿಗೆ ಐಐಎಂ ಬಂತು. ವಿಷಯದ ಇನ್ನೊಂದು ಪಾಲು ಮ್ಯಾನೇಜ್‌ಮೆಂಟಿನವರ ಕೈಸೇರಿತು. ಹೀಗೆ ಒಂದೇ ವಿದ್ಯೆ ಮೂರು ಮನೆಗೆ ಹಂಚಿಹೋಯಿತು.

ನನ್ನನ್ನು ಹಿಡಿದದ್ದು ಅಹಮದಾಬಾದಿನ ಕ್ಯಾಲಿಕೊ ಮಿಲ್ಲಿನ ಸಂಗತಿ. 1953ರಲ್ಲಿ ಲಂಡನ್ನಿನ ಟ್ಯಾವಿಸ್ಟಾಕ್ ಸಂಸ್ಥೆಯ ಎ.ಕೆ. ರೈಸ್ ಅಲ್ಲಿಗೆ ಬಂದರು. ಹೊಸ ಸ್ವಯಂಚಾಲಿತ ಮಗ್ಗಗಳಿದ್ದವು, ಬಟ್ಟೆ ಮಾತ್ರ ಸರಿಯಾಗಿ ಇಳಿಯುತ್ತಿರಲಿಲ್ಲ. ಒಬ್ಬೊಬ್ಬನಿಗೆ ಒಂದೊಂದು ಚೂರು ಕೆಲಸ ಎನ್ನುವುದನ್ನು ಬಿಟ್ಟು, ಒಂದಿಷ್ಟು ಮಗ್ಗಕ್ಕೆ ಒಂದು ಗುಂಪು ಹೊಣೆಯಾಗಲಿ ಎಂದರು. ಗುಂಪುಗಳನ್ನು ಕಟ್ಟಿಕೊಂಡವರು ನೇಕಾರರೇ. ಉತ್ಪಾದನೆ ಏರಿತು, ಹಾಳಾಗುವ ಬಟ್ಟೆ ಇಳಿಯಿತು. ಯಾವ ಪರೀಕ್ಷಾ ಪತ್ರಿಕೆಯೂ ನನಗೆ ಇಷ್ಟು ಕಲಿಸಲಿಲ್ಲ.

ಈಗ ತುರುವೇಕೆರೆಯಿಂದ ತಂಗಿಯ ಮಗಳು ಫೋನು ಮಾಡಿ, "ಮಾವ, ಕೈಗಾರಿಕಾ ಮನಃಶಾಸ್ತ್ರಕ್ಕೆ ಯಾವ ಎಂ.ಎಸ್ಸಿ. ಸೇರಲಿ?" ಅನ್ನುತ್ತಾಳೆ. ಪದವಿಯ ಹೆಸರು ನೋಡಬೇಡ ಅಂದೆ. ಈ ವಿದ್ಯೆ ಆ ಮೂರು ಮನೆಯಲ್ಲಿ ಎಲ್ಲಿ ಬೇಕಾದರೂ ಸಿಕ್ಕೀತು. ಸಂಖ್ಯಾಶಾಸ್ತ್ರ ಗಟ್ಟಿಯಾಗಿ ಕಲಿಸುತ್ತಾರಾ, ದುಡಿಯುವ ಜಾಗಕ್ಕೆ ತಿಂಗಳುಗಟ್ಟಲೆ ಕಳಿಸುತ್ತಾರಾ, ವಿಚಾರಿಸು. ಕಡೆಗೊಂದು ಪ್ರಶ್ನೆ ಕೇಳು: "ನಮ್ಮೂರಿನ ತೆಂಗಿನ ನಾರಿನ ಕಾರ್ಖಾನೆಯ ಹೆಂಗಸರ ಕೆಲಸದ ಬಗ್ಗೆ ಪ್ರಬಂಧ ಬರೆಯಬಹುದಾ ಸರ್?" ಮೇಷ್ಟ್ರು ಹೂಂ ಅಂದರೆ ಅಲ್ಲೇ ಸೇರಿಕೊ.