ಸೋಮವಾರದ ಉಬ್ಬಸ

ಭಾಂಡುಪ್ ಪಶ್ಚಿಮದ ಗುಡ್ಡದ ಮೇಲಿನ ಚಾಳೊಂದರಲ್ಲಿ ನಮ್ಮ ದೊಡ್ಡಪ್ಪ ಇಪ್ಪತ್ತು ವರ್ಷಕ್ಕೂ ಮೇಲ್ಪಟ್ಟು ವಾಸವಾಗಿದ್ದರು. ಅವರ ಕೆಲಸ ಪರೇಲಿನ ಕಡೆಯ ಒಂದು ಬಟ್ಟೆ ಗಿರಣಿಯ ಕಾರ್ಡಿಂಗ್ ಖಾತೆಯಲ್ಲಿ. ಅಂದರೆ ಹತ್ತಿಯನ್ನು ಹಿಂಜಿ, ಬಾಚಿ, ಎಳೆಗೆ ಸಿದ್ಧಪಡಿಸುವ ವಿಭಾಗದಲ್ಲಿ. ಶನಿವಾರ ಸಂಜೆ ಗುಡ್ಡದ ಮೆಟ್ಟಿಲುಗಳನ್ನು ನಿಲ್ಲದೆ ಹತ್ತಿ ಬರುತ್ತಿದ್ದವರು ಸೋಮವಾರ ಸಂಜೆ ಮಾತ್ರ ಮೂರು ಕಡೆ ಕುಳಿತು ಸುಧಾರಿಸಿಕೊಂಡು ಬರುತ್ತಿದ್ದರು. "ಭಾನುವಾರ ಮೀನು ತಿಂದದ್ದು ಶೀತವಾಯಿತು" ಎಂದು ದೊಡ್ಡಮ್ಮ ಶುಂಠಿ ಕಷಾಯ ಕಾಸುತ್ತಿದ್ದರು. ಬೀದಿಯ ಡಾಕ್ಟರು "ಬೀಡಿ ಬಿಡಿ" ಎಂದರು. ದೊಡ್ಡಪ್ಪ ಬೀಡಿ ಮುಟ್ಟಿದವರೇ ಅಲ್ಲ. ಅವರು ಏನು ಕೆಲಸ ಮಾಡುತ್ತಾರೆಂದು ಯಾರೂ ಕೇಳಲಿಲ್ಲ.

ಆ ಪ್ರಶ್ನೆಯನ್ನು ಕೇಳಬೇಕೆಂದು ಇಟಲಿಯ ವೈದ್ಯ ರಾಮಝೀನಿ 1700ರಲ್ಲಿಯೇ ಹೇಳಿದ್ದ. ಕಸುಬುಗಳಿಂದ ಬರುವ ರೋಗಗಳ ಬಗ್ಗೆ ಗ್ರಂಥ ಬರೆದ ಆತ ನಾರು ಬಾಚುವವರ ಕೆಮ್ಮನ್ನೂ ಕಲ್ಲು ಕಡೆಯುವವರ ಉಬ್ಬಸವನ್ನೂ ವರ್ಣಿಸಿದ್ದಾನೆ. ಕಾರಣ ತಿಳಿಯಬೇಕಾದರೆ ನಮ್ಮ ಎದೆಗೂಡಿನೊಳಗಿನ ವ್ಯವಸ್ಥೆಯನ್ನು ಸ್ವಲ್ಪ ನೋಡಬೇಕು.

ಮನುಷ್ಯ ದಿನವೊಂದಕ್ಕೆ 21,600 ಬಾರಿ ಉಸಿರಾಡುತ್ತಾನೆ ಎಂಬುದು ನಮ್ಮ ಯೋಗಶಾಸ್ತ್ರದ ಹಳೆಯ ಲೆಕ್ಕ. ನಿಮಿಷಕ್ಕೆ ಹದಿನೈದರಂತೆ ಇಂದಿನ ವೈದ್ಯರು ಎಣಿಸಿದರೂ ಅಷ್ಟೇ ಬರುತ್ತದೆ. ಪ್ರತಿ ಉಸಿರಿಗೂ ವಪೆ ಕೆಳಗಿಳಿಯುತ್ತದೆ, ಪಕ್ಕೆಲುಬುಗಳು ಮೇಲೇಳುತ್ತವೆ, ಸುಮಾರು ಅರ್ಧ ಲೀಟರು ಗಾಳಿ ಒಳಗೆ ಬರುತ್ತದೆ. ಮೂಗಿನಿಂದ ಶ್ವಾಸನಾಳಕ್ಕೆ ಇಳಿದ ಗಾಳಿ, ತಲೆಕೆಳಗಾದ ಮರದ ಕೊಂಬೆಗಳಂತೆ ಇಪ್ಪತ್ತಕ್ಕೂ ಹೆಚ್ಚು ಸಲ ಕವಲೊಡೆಯುವ ನಾಳಗಳ ಮೂಲಕ ಕೋಟಿಗಟ್ಟಲೆ ಪುಟ್ಟ ಗಾಳಿಗೂಡುಗಳನ್ನು ಸೇರುತ್ತದೆ. ಆಮ್ಲಜನಕ ರಕ್ತಕ್ಕೆ ಸೇರುವುದೂ ಇಂಗಾಲದ ಡೈಆಕ್ಸೈಡ್ ಹೊರಬೀಳುವುದೂ ಅಲ್ಲಿಯೇ. ಆ ಗೂಡುಗಳನ್ನು ಬಳಸಿರುವ ಕೂದಲಿಗಿಂತ ಸಣ್ಣ ರಕ್ತನಾಳಗಳನ್ನು 1661ರಲ್ಲಿ ಮಾಲ್ಪೀಗಿ ಎಂಬ ವಿಜ್ಞಾನಿ ಕಪ್ಪೆಯ ಶ್ವಾಸಕೋಶದಲ್ಲಿ ಮೊದಲು ಕಂಡ.

ಈ ಮನೆಗೆ ಕಾವಲೂ ಉಂಟು. ದಪ್ಪ ಧೂಳನ್ನು ಮೂಗು ತಡೆಯುತ್ತದೆ. ಮುಂದಕ್ಕೆ ಹೋದದ್ದು ನಾಳಗಳ ಲೋಳೆಗೆ ಅಂಟುತ್ತದೆ. ಅಲ್ಲಿನ ಸೂಕ್ಷ್ಮ ರೋಮಗಳು ಹಗಲಿರುಳು ಬೀಸುತ್ತಾ ಅದನ್ನು ಗಂಟಲಿನತ್ತ ತಳ್ಳುತ್ತವೆ. ಆದರೆ ಮಿಲಿಮೀಟರಿನ ಇನ್ನೂರರಲ್ಲಿ ಒಂದು ಪಾಲಿಗಿಂತ ಸಣ್ಣ ಕಣಗಳು ಈ ಕಾವಲನ್ನು ತಪ್ಪಿಸಿ ಒಳಗೂಡುಗಳವರೆಗೂ ಹೋಗಬಲ್ಲವು. ಕಣ್ಣಿಗೆ ಕಾಣುವ ಧೂಳಿಗಿಂತ ಕಾಣದ ಧೂಳು ಹೆಚ್ಚು ಅಪಾಯಕರ.

ಈ ಪಾಠಕ್ಕೆ ನಮ್ಮ ನಾಡೇ ದುಬಾರಿ ಬೆಲೆ ತೆತ್ತಿದೆ. ಕೋಲಾರದ ಚಿನ್ನದ ಗಣಿಗಳಲ್ಲಿ 1940ರಿಂದ 1946ರವರೆಗೆ 7,653 ಕಾರ್ಮಿಕರನ್ನು ಪರೀಕ್ಷಿಸಿದಾಗ ನೂರಕ್ಕೆ ನಲವತ್ತಕ್ಕೂ ಹೆಚ್ಚು ಮಂದಿಗೆ ಸಿಲಿಕೋಸಿಸ್ ಇರುವುದು ತಿಳಿಯಿತು. ಬಂಡೆ ಕೊರೆಯುವಾಗ ಏಳುವ ಸಿಲಿಕಾ ಧೂಳು ಶ್ವಾಸಕೋಶದಲ್ಲಿ ಗಾಯದ ಕಲೆಯಂತಹ ಗಂಟುಗಳನ್ನು ಕಟ್ಟುತ್ತದೆ. ಆ ಭಾಗ ಮತ್ತೆ ಮೃದುವಾಗುವುದಿಲ್ಲ.

ಹತ್ತಿಯ ಧೂಳಿನ ರೀತಿ ಬೇರೆ. 1854ರಲ್ಲಿ ಕಾವಸ್‌ಜಿ ದಾವರ್ ಸ್ಥಾಪಿಸಿದ ಗಿರಣಿಯಿಂದ ಆರಂಭವಾಗಿ ಬಟ್ಟೆ ಉದ್ಯಮವೇ ಮುಂಬಯಿಯ ಬೆನ್ನೆಲುಬಾಯಿತು. ಹತ್ತಿಯ ಧೂಳಿನೊಡನೆ ಗಿಡದ ಚೂರುಗಳೂ ಬ್ಯಾಕ್ಟೀರಿಯಾಗಳ ವಿಷಾಂಶವೂ ಬೆರೆತಿರುತ್ತವೆ. ಅವು ನಾಳಗಳನ್ನು ಕೆರಳಿಸಿ ಬಿಗಿಯುವಂತೆ ಮಾಡುತ್ತವೆ. ವಾರವಿಡೀ ಅದೇ ಗಾಳಿಯಲ್ಲಿರುವ ದೇಹ ಹೇಗೋ ಒಗ್ಗಿಕೊಳ್ಳುತ್ತದೆ. ರಜೆಯ ದಿನ ಆ ಒಗ್ಗಿಕೆ ತಪ್ಪುತ್ತದೆ. ಮರುದಿನ ಕೆಲಸಕ್ಕೆ ಹೋದೊಡನೆ ಎದೆ ಬಿಗಿಯುತ್ತದೆ. ಇದರ ಹೆಸರು ಬಿಸಿನೋಸಿಸ್. ಇಂಗ್ಲೆಂಡಿನ ಲಂಕಾಷೈರ್ ಗಿರಣಿಗಳಲ್ಲಿ 1950ರ ದಶಕದಲ್ಲಿ ಡಾ. ರಿಚರ್ಡ್ ಷಿಲ್ಲಿಂಗ್ ಕಾರ್ಮಿಕರಿಗೆ ಈ ಸೋಮವಾರದ ಪ್ರಶ್ನೆಯನ್ನೇ ಕೇಳಿ ರೋಗದ ಹಂತಗಳನ್ನು ಗುರುತಿಸಿದರು. ಮೊದಲು ಸೋಮವಾರವಷ್ಟೇ, ಆಮೇಲೆ ವಾರದ ಇತರ ದಿನಗಳಲ್ಲೂ. ವರ್ಷಗಟ್ಟಲೆ ಮುಂದುವರಿದರೆ ಉಸಿರಿನ ಶಕ್ತಿಯೇ ಕುಂದಿಬಿಡುತ್ತದೆ.

ನಮ್ಮ ದೊಡ್ಡಪ್ಪನದೂ ಇದೇ ಕಥೆ. ಮೀನಿನ ತಪ್ಪೂ ಇರಲಿಲ್ಲ, ಬೀಡಿಯ ತಪ್ಪೂ ಇರಲಿಲ್ಲ. 1982ರ ಮುಷ್ಕರದ ಬಳಿಕ ಗಿರಣಿಗೆ ಮರಳದೆ ಊರಿಗೆ ಹೋದರು. ಅಷ್ಟರಲ್ಲಿ ಕಾಲ ಮಿಂಚಿತ್ತು. ಕೊನೆಯ ವರ್ಷಗಳಲ್ಲಿ ಜಗಲಿಯಲ್ಲಿ ದಿಂಬಿಗೆ ಒರಗಿ, ಕುಳಿತೇ ನಿದ್ರಿಸುತ್ತಿದ್ದರು.

ಧೂಳು ಗಿರಣಿಯ ಗೋಡೆಯೊಳಗೆ ಮಾತ್ರ ಇರುವುದಿಲ್ಲ. ಪರೇಲಿನ ಕೆ.ಇ.ಎಂ. ಆಸ್ಪತ್ರೆಯ ಡಾ. ಎಸ್. ಆರ್. ಕಾಮತ್ ಮತ್ತು ಸಂಗಡಿಗರು 1970ರ ದಶಕದ ಕೊನೆಯಲ್ಲಿ ಲಾಲ್‌ಬಾಗ್, ಚೆಂಬೂರು, ಖಾರ್ ನಿವಾಸಿಗಳನ್ನು ಹಳ್ಳಿಯ ಜನರೊಂದಿಗೆ ಹೋಲಿಸಿ, ನಗರದ ಗಾಳಿ ಉಸಿರಾಟಕ್ಕೆ ಏನು ಮಾಡುತ್ತದೆಂದು ಅಧ್ಯಯನ ನಡೆಸಿದರು. ಭಾಂಡುಪಿನ ಸುತ್ತಮುತ್ತ ಹಳೆಯ ಕಾರ್ಖಾನೆಗಳಿದ್ದ ಎಷ್ಟೋ ಜಾಗಗಳಲ್ಲಿ ಇಂದು ಗಗನಚುಂಬಿ ಕಟ್ಟಡಗಳೆದ್ದಿವೆ. ಚಿಮಣಿಯ ಹೊಗೆ ಕಡಿಮೆಯಾಗಿರಬಹುದು. ಕಲ್ಲು ಕೊರೆಯುವ, ಟೈಲ್ಸ್ ಕತ್ತರಿಸುವ ಹುಡುಗರ ಮುಖದ ಮೇಲಿನ ಬಿಳಿ ಪುಡಿ ಮಾತ್ರ ಕೋಲಾರವನ್ನು ನೆನಪಿಸುತ್ತದೆ.

ಉಸಿರಿನ ಶಕ್ತಿಯನ್ನು ಅಳೆಯುವ ಸ್ಪೈರೋಮೀಟರನ್ನು ಲಂಡನ್ನಿನ ಹಚಿನ್ಸನ್ 1846ರಲ್ಲಿಯೇ ಪ್ರಕಟಪಡಿಸಿದ್ದ. ಕೊಳವೆಗೆ ಜೋರಾಗಿ ಊದುವ ಈ ಪರೀಕ್ಷೆ ಇಂದು ನಗರದ ದೊಡ್ಡ ಆಸ್ಪತ್ರೆಗಳಲ್ಲಿ ದೊರೆಯುತ್ತದೆ. ನಿಮ್ಮ ಮನೆಯ ಹಿರಿಯರಿಗೆ ಏದುಸಿರು ಬರುತ್ತಿದ್ದರೆ "ವಯಸ್ಸಾಯಿತು" ಎಂದು ಸುಮ್ಮನಾಗಬೇಡಿ. ಡಾಕ್ಟರು ಕೇಳದಿದ್ದರೂ ನೀವೇ ಹೇಳಿ: ಇವರು ಇಷ್ಟು ವರ್ಷ, ಇಂಥ ಕಡೆ, ಇಂಥ ಕೆಲಸ ಮಾಡಿದವರು ಎಂದು. ನಮ್ಮ ದೊಡ್ಡಪ್ಪನ ವಿಷಯದಲ್ಲಿ ಆ ಒಂದು ಮಾತನ್ನು ಹೇಳುವವರಿರಲಿಲ್ಲ.