ಶ್ರೀರಂಗಪಟ್ಟಣ ಸೀಮೆಯ ಚಳಿಜ್ವರ: ನಾಲೆ, ಜ್ವರಗಡ್ಡೆ ಮತ್ತು ದೇಹದ ಸಹಿಷ್ಣುತೆ

1799ರ ಮೇ 4ರಂದು ಶ್ರೀರಂಗಪಟ್ಟಣದ ಕೋಟೆ ಇಂಗ್ಲಿಷರ ವಶವಾಯಿತು. ಆದರೆ ಗೆದ್ದವರು ಅಲ್ಲಿ ಬಹುಕಾಲ ನೆಲೆನಿಲ್ಲಲಾಗಲಿಲ್ಲ. ದ್ವೀಪದ ಜ್ವರ ಕಂಪನಿಯ ದಂಡನ್ನು ಕಾಡಿತು. 1809ರಿಂದ ಬೆಂಗಳೂರಿನಲ್ಲಿ ದಂಡುಪ್ರದೇಶ ಬೆಳೆದುದಕ್ಕೆ ಪಟ್ಟಣದ ಹವೆಯ ಅಪಕೀರ್ತಿಯೂ ಒಂದು ಕಾರಣ. ಅಲ್ಲಿನ ದಂಡಿನ ಸ್ಮಶಾನದಲ್ಲಿ ಸ್ವಿಟ್ಜರ್‌ಲೆಂಡ್ ಮೂಲದ ಡಿ ಮ್ಯೂರಾನ್ ರೆಜಿಮೆಂಟಿನವರ ಗೋರಿಗಳೂ ಇವೆ. ಆ ಸಾವುಗಳೆಲ್ಲವನ್ನೂ ಮಲೇರಿಯಾದ ತಲೆಗೆ ಕಟ್ಟುವುದು ಸರಿಯಲ್ಲ. ಅಂದಿನ ಬರಹಗಳಲ್ಲಿ ‘ಜ್ವರ’ವೆಂಬ ಒಂದೇ ಮಾತು ಹಲವು ರೋಗಗಳನ್ನು ಹೊತ್ತಿದೆ. ಆದರೂ ಹೊಸಬರು ನಿಲ್ಲಲಾರದ ಅದೇ ನೆಲದಲ್ಲಿ, ಬಂಗಾರದೊಡ್ಡಿ ನಾಲೆಯ ನೀರಿನಲ್ಲಿ ಭತ್ತ ಬೆಳೆಯುತ್ತ ಒಕ್ಕಲುಮಕ್ಕಳು ಬಾಳಿದರು. ಈ ಅಂತರವನ್ನು ಜನಾಂಗದ ಗುಣವೆಂದು ವಿವರಿಸುವುದು ಆ ಕಾಲದ ವಾಡಿಕೆಯಾಗಿತ್ತು.

ಅಂತರದ ಗುರುತು ದೇಹದಲ್ಲಿಯೇ ಇತ್ತು. ಪದೇ ಪದೇ ಚಳಿಜ್ವರ ಬಂದವರ ಗುಲ್ಮ ಹಿಗ್ಗಿ ಎಡಪಕ್ಕೆಯ ಕೆಳಗೆ ಕೈಗೆ ಸಿಗುತ್ತದೆ. ಜನ ಅದನ್ನು ಜ್ವರಗಡ್ಡೆ ಎಂದರು. 1840ರ ದಶಕದಲ್ಲಿ ಯಮುನಾ ಕಾಲುವೆಗಳ ಪ್ರದೇಶದಲ್ಲಿ ಡೆಂಪ್‌ಸ್ಟರ್ ಎಂಬ ವೈದ್ಯನು ಇದನ್ನೇ ಎಣಿಸಿ ಊರೂರಿನ ಜ್ವರವನ್ನು ಅಳೆದನು. ಮಲೇರಿಯಾದ ಈ ಅಳತೆಗೋಲು ನೀರಾವರಿಯ ಚರ್ಚೆಯಲ್ಲಿಯೇ ಹುಟ್ಟಿತೆಂಬುದು ಮಂಡ್ಯದ ಮಟ್ಟಿಗೆ ಅರ್ಥಪೂರ್ಣವಾದ ಸಂಗತಿ.

ಏಕೆಂದರೆ 1911ರಲ್ಲಿ ಆರಂಭವಾದ ಕೃಷ್ಣರಾಜಸಾಗರ ಮತ್ತು ಅದರ ಇರ್ವಿನ್ ನಾಲೆ (ಇಂದಿನ ವಿಶ್ವೇಶ್ವರಯ್ಯ ನಾಲೆ) ಒಣಭೂಮಿಗೆ ನೀರಿನೊಡನೆ ಜ್ವರವನ್ನೂ ತಂದವು. ರಾಕ್‌ಫೆಲರ್ ಪ್ರತಿಷ್ಠಾನದ ಡಾ. ಸ್ವೀಟ್ ಮತ್ತು ಮೈಸೂರು ಸಂಸ್ಥಾನದ ಡಾ. ಬಿ. ಎ. ರಾವ್ ಈ ಸೀಮೆಯ ಸೊಳ್ಳೆಗಳನ್ನು ಅಭ್ಯಸಿಸಿದರು. ಶ್ರೀರಂಗಪಟ್ಟಣಕ್ಕೆ ಸಮೀಪದ ನಾಗೇನಹಳ್ಳಿ ಅವರ ಕಾರ್ಯಕೇಂದ್ರಗಳಲ್ಲೊಂದು. ಅನಾಫಿಲಿಸ್ ಸ್ಟೀಫೆನ್ಸಿಯ ಒಂದು ಪ್ರಭೇದಕ್ಕೆ 1937ರಲ್ಲಿ ಅವರಿತ್ತ ‘ಮೈಸೊರೆನ್ಸಿಸ್’ ಎಂಬ ಹೆಸರು ಇಂದಿಗೂ ಬಳಕೆಯಲ್ಲಿದೆ. ಬಯಲುಸೀಮೆಯಲ್ಲಿ ರೋಗ ಹರಡುವ ಮುಖ್ಯ ಸೊಳ್ಳೆ ಮಾತ್ರ ಅನಾಫಿಲಿಸ್ ಕ್ಯುಲಿಸಿಫೇಸೀಸ್. ನಾಲೆಯ ಜೌಗು, ಹಳ್ಳದ ಮಡು, ಬಾವಿ ಎಲ್ಲವೂ ಅದಕ್ಕೆ ಒಗ್ಗುವುದರಿಂದ ನಾಲೆ ಬಯಲಿನ ಪಾಂಡವಪುರ, ಹೇಮಾವತಿ ಆಸರೆಯ ಕೃಷ್ಣರಾಜಪೇಟೆಗಳಂತೆ ಕೆರೆಬಾವಿಗಳ ನಾಗಮಂಗಲವೂ ಅದರಿಂದ ಹೊರತಾಗಲಿಲ್ಲ.

ಹಳಬರು ತಾಳಿಕೊಂಡದ್ದು ಹೇಗೆ? ರೋಗಾಣುವನ್ನು ಕೊಲ್ಲುವುದು ಬೇರೆ, ಅದರೊಡನೆ ಬಾಳುವುದು ಬೇರೆ. ರಕ್ತದಲ್ಲಿ ಪರೋಪಜೀವಿ ಹೆಚ್ಚಿದಾಗ ರಕ್ಷಕ ಕಣಗಳು ಟಿಎನ್‌ಎಫ್ ಮುಂತಾದ ಉರಿಯೂತದ ದ್ರವ್ಯಗಳನ್ನು ಸುರಿಸುತ್ತವೆ. ಚಳಿ, ನಡುಕ, ಕಾವು ಬಹುಮಟ್ಟಿಗೆ ಇವುಗಳ ಫಲ. ಸೋಂಕು ಮರುಕಳಿಸುತ್ತಲೇ ಇದ್ದರೆ ಕೆಲವು ಟಿ ಕಣಗಳು ಉರಿಯೂತವನ್ನು ತಗ್ಗಿಸುವ ಇಂಟರ್‌ಲ್ಯೂಕಿನ್-10 ಎಂಬ ದ್ರವ್ಯವನ್ನು ಸ್ರವಿಸತೊಡಗುತ್ತವೆ. ಉಗಾಂಡದ ಟೊರೊರೊದ ಮಕ್ಕಳಲ್ಲಿ ನಡೆದ, 2014ರಲ್ಲಿ ಪ್ರಕಟವಾದ ಅಧ್ಯಯನ ಇನ್ನೊಂದು ಅಂಶವನ್ನು ತೋರಿಸಿತು: ಪದೇ ಪದೇ ಮಲೇರಿಯಾಕ್ಕೆ ಒಳಗಾದವರಲ್ಲಿ ಉರಿಯೂತಕ್ಕೆ ಪ್ರಚೋದಿಸುವ ಗ್ಯಾಮಾ ಡೆಲ್ಟಾ ಟಿ ಕಣಗಳ ಒಂದು ವರ್ಗ ಸಂಖ್ಯೆಯಲ್ಲೂ ಚುರುಕಿನಲ್ಲೂ ಕುಗ್ಗಿರುತ್ತದೆ, ಹಾಗೆ ಕುಗ್ಗಿದವರಲ್ಲಿ ಸೋಂಕಿದ್ದೂ ಜ್ವರ ಕಾಣಿಸದಿರುವ ಸಂಭವ ಹೆಚ್ಚು.

ಈ ಸಹಿಷ್ಣುತೆಗೆ ಬೆಲೆ ತೆತ್ತವರು ಮಕ್ಕಳು. ಅದು ಶಾಶ್ವತವೂ ಅಲ್ಲ. 1957ರಲ್ಲಿ ಮ್ಯಾಕ್‌ಡೊನಾಲ್ಡ್ ಮಾಡಿದ ವಿಂಗಡಣೆಯಂತೆ ಆಫ್ರಿಕದ ಬಹುಭಾಗದ ಮಲೇರಿಯಾ ಸ್ಥಿರ. ದನದ ರಕ್ತವನ್ನೇ ಹೆಚ್ಚು ಬಯಸುವ ಕ್ಯುಲಿಸಿಫೇಸೀಸ್ ಹರಡುವ ಮಲೇರಿಯಾ ಅಸ್ಥಿರ. ಮಳೆ, ನಾಲೆನೀರು ಹೆಚ್ಚುಕಡಿಮೆಯಾದಂತೆ ಅದು ಏರಿಳಿಯುವುದರಿಂದ ಇಲ್ಲಿಯವರ ತಾಳಿಕೆ ಆಫ್ರಿಕದ ವಯಸ್ಕರಷ್ಟು ಗಟ್ಟಿಯಾಗುವುದು ಕಷ್ಟವಾಗಿತ್ತು.

1953ರ ರಾಷ್ಟ್ರೀಯ ನಿಯಂತ್ರಣ ಕಾರ್ಯಕ್ರಮದ ಡಿಡಿಟಿ ಜ್ವರವನ್ನು ತಗ್ಗಿಸಿತು. 1976ರಲ್ಲಿ ದೇಶದಲ್ಲಿ ಅದು 64 ಲಕ್ಷ ಪ್ರಕರಣಗಳಾಗಿ ಮರಳಿತು. ರೇಷ್ಮೆಹುಳು ಸಾಕುವ ಮನೆಗಳಿಗೆ ಕೀಟನಾಶಕ ಹೊಡೆಸಲು ಒಕ್ಕಲಿಗರು ಹಿಂಜರಿದದ್ದು ಸಹಜವೇ. ಕರ್ನಾಟಕದ ಹಳ್ಳಿಗಳಲ್ಲಿ ಬಾವಿಗಳಿಗೆ ಗಪ್ಪಿ, ಗ್ಯಾಂಬೂಸಿಯಾ ಮೀನು ಬಿಡುವ ಕ್ರಮ ಇಂತಹ ಕಡೆ ಉಪಯೋಗಕ್ಕೆ ಬಂದಿತು.

ಜ್ವರ ಹಿಂದೆ ಸರಿದಂತೆ ಈ ತಾಲ್ಲೂಕುಗಳ ದೇಹಗಳೂ 1799ರ ದಂಡಿನವರಂತೆ ಹೊಸಬರ ದೇಹಗಳಾಗಿವೆ. ಸೋಂಕು ಹೆಚ್ಚಿರುವ ಸೀಮೆಗಳಿಂದ ಕೂಲಿಗೆ ಬರುವವನು ರಕ್ತದಲ್ಲಿ ಪರೋಪಜೀವಿಯನ್ನು ಹೊತ್ತೂ ಆರೋಗ್ಯವಂತನಂತೆ ದುಡಿಯಬಲ್ಲ. ಅವನ ಉರಿಯೂತ ಹತೋಟಿಯಲ್ಲಿರುವುದರಿಂದ, ಜ್ವರ ಬಂದವರ ರಕ್ತವನ್ನಷ್ಟೇ ಪರೀಕ್ಷಿಸುವ ಕ್ರಮಕ್ಕೆ ಅವನು ಸಿಗುವುದಿಲ್ಲ, ಸೊಳ್ಳೆಗೆ ಸಿಗುತ್ತಾನೆ.