ಬೈಗುಳವಾದ ದಫ್ತರದ ಮಾತು

ಕೆಲಸ ಕೆಡಿಸಿದವನನ್ನು ಬೈಯಲು ಕನ್ನಡದಲ್ಲಿ ಪದಗಳಿಗೆ ಬರವಿಲ್ಲ. ದಡ್ಡ, ಪೆದ್ದ, ಗಾಂಪ, ಮೊದ್ದು ಇವೆಲ್ಲ ಬುದ್ಧಿ ಸಾಲದೆಂದು ಜರೆಯುತ್ತವೆ. ‘ನಾಲಾಯಕ್’ನ ಏಟೇ ಬೇರೆ. ಬುದ್ಧಿ ಇದ್ದರೂ ಸರಿ, ಇಲ್ಲದಿದ್ದರೂ ಸರಿ, ನೀನು ತಕ್ಕವನಲ್ಲ ಎಂದು ಅದು ತಳ್ಳಿಹಾಕುತ್ತದೆ.

‘ಲಾಯಕ್’ ಅರಬ್ಬಿಯದು. ಮುಂದೆ ಕೂತ ‘ನಾ’ ಪಾರಸಿಯದು, ಸಂಸ್ಕೃತದ ‘ನ’ಕಾರಕ್ಕೆ ನೆಂಟ. ಅರಬ್ಬಿಯಲ್ಲಿ ಈ ಪದದ ಧಾತುವಿಗೆ ಅಂಟು, ಹೊಂದು ಎಂಬ ಅರ್ಥಗಳಿವೆ. ಮಸಿ ಕುಡಿಕೆಯಲ್ಲಿ ಶಾಯಿ ಹೀರಿ ಹಿಡಿದಿಡಲು ಹಾಕುತ್ತಿದ್ದ ರೇಷ್ಮೆ ಅಥವಾ ಹತ್ತಿಯ ಉಂಡೆಗೆ ‘ಲೀಕಾ’ ಎಂಬ ಹೆಸರು ಬಂದದ್ದೂ ಇದೇ ಧಾತುವಿನಿಂದ. ಮೈಗೊಪ್ಪುವ ಬಟ್ಟೆಯನ್ನು ಮೆಚ್ಚಲು ಅರಬ್ಬರು ಇಂದಿಗೂ ಇದೇ ಧಾತುವಿನ ಮಾತನ್ನು ಬಳಸುತ್ತಾರೆ. ಲಾಯಕ್ ಎಂದರೆ ಒಪ್ಪಿದ್ದು. ನಾಲಾಯಕ್ ಎಂದರೆ ಒಪ್ಪದ್ದು.

ಇಂಥ ಪದಗಳು ಕನ್ನಡ ನೆಲಕ್ಕೆ ಆಡಳಿತದ ಬೆನ್ನಿಗೆ ಬಂದವು. 1347ರಲ್ಲಿ ಬಹಮನಿ ರಾಜ್ಯ ಹುಟ್ಟಿ ಕಲಬುರಗಿ ಅದರ ರಾಜಧಾನಿಯಾಯಿತು. ವಿಜಯಪುರದ ಆದಿಲ್ ಶಾಹಿ ದೊರೆತನ 1686ರವರೆಗೆ ನಡೆಯಿತು. ಶ್ರೀರಂಗಪಟ್ಟಣದ ದರ್ಬಾರಿನಲ್ಲಿ 1799ರವರೆಗೂ ಪಾರಸಿ ಕೇಳಿಸುತ್ತಿತ್ತು. ದಫ್ತರ, ಜಮೀನು, ಜಮಾಬಂದಿ, ಅಮಲ್ದಾರ ಎಲ್ಲ ಬಂದದ್ದು ಆ ಕಾಲದ ಕಾಗದಪತ್ರಗಳಿಂದಲೇ. ಕಂಪನಿ ಸರ್ಕಾರ 1837ರಲ್ಲಿ ಪಾರಸಿಯನ್ನು ಕಚೇರಿಯಿಂದ ಕೈಬಿಟ್ಟಿತು. ಪದಗಳು ಮಾತ್ರ ಇಲ್ಲೇ ಉಳಿದವು.

ಅವುಗಳಲ್ಲಿ ‘ನಾ’ ತುಂಬ ಚುರುಕು. ಪತ್ತೆ ಇಲ್ಲದವನು ನಾಪತ್ತೆಯಾದ. ಶಾಲೆಗೆ ಪರೀಕ್ಷೆ ಬಂದ ಮೇಲೆ ಅದು ಇಂಗ್ಲಿಷಿನ ‘ಪಾಸ್’ಗೂ ಜೊತೆಯಾಯಿತು, ಹುಡುಗ ನಪಾಸಾದ.

‘ಲಾಯಕ್ಕು’ ಎಂಬ ಮಾತಿಗೆ ಮೊದಲು ಒಂದು ‘ಗೆ’ ಇಲ್ಲವೇ ‘ಕ್ಕೆ’ ಬೇಕು: ಉಳುಮೆಗೆ ಲಾಯಕ್ಕಾದ ನೆಲ, ಓದಿಗೆ ಲಾಯಕ್ಕಾದ ಜಾಗ. ಬೈಗುಳದಲ್ಲಿ ಉದುರಿಹೋದದ್ದು ಇದೇ. ಒಂದು ಕೆಲಸಕ್ಕೆ ಒಪ್ಪದವನು ಯಾವುದಕ್ಕೂ ಬಾರದವನಾಗಿಬಿಟ್ಟ. ಬೆಳೆಯುವ ಮಕ್ಕಳ ಮೇಲೆ ಈ ಪದ ಎಸೆಯುವುದು ದೊಡ್ಡ ಅನ್ಯಾಯ.

ಘಟ್ಟ ಇಳಿದರೆ ‘ಲಾಯಕ್’ನ ಮುಖ ಬೇರೆ. ಕುಂದಾಪುರದ ಕನ್ನಡದಲ್ಲಿ, ತುಳುವಿನಲ್ಲಿ, ಹವ್ಯಕರ ಮನೆಮಾತಿನಲ್ಲಿ ‘ಲಾಯ್ಕ’ ಎಂದರೆ ಚೆಂದ, ಸೊಗಸು. ಸೀರೆ ಒಪ್ಪಿದರೂ ಲಾಯ್ಕ, ಯಕ್ಷಗಾನ ಕಳೆಗಟ್ಟಿದರೂ ಲಾಯ್ಕ. ಅರಬ್ಬಿಯ ಮೊದಲ ಅರ್ಥದ ಹತ್ತಿರ ಇರುವುದು ಕರಾವಳಿಯ ಈ ಬಳಕೆಯೇ. ಅಲ್ಲಿ ಉಂಡೆದ್ದ ನೆಂಟರು ಸಾರು ‘ಲಾಯ್ಕ ಆಯಿದು’ ಎಂದರೆ ಅಡುಗೆ ಮಾಡಿದವರ ಮುಖ ಅರಳುತ್ತದೆ.